ಗಣಿಯ ತಳ ಎಲ್ಲಿ, ಬಾವಿಯ ನೀರು ಎಲ್ಲಿ?

ಪ್ರಶ್ನೆ: ನಾವಿರೋದು ಬೆಂಗಳೂರಿನ ಯಲಹಂಕದಲ್ಲಿ. ದೊಡ್ಡಬಳ್ಳಾಪುರದ ಹತ್ತಿರ ಅರ್ಕಾವತಿ ಕಣಿವೆಯಲ್ಲಿ ನಮ್ಮ ತೋಟವಿದೆ. ಒಂದು ತೆರೆದ ಬಾವಿ, ಒಂದು ಬೋರ್‌ವೆಲ್ ಇವೆ. ಮೇಲಿನ ಗುಡ್ಡದಲ್ಲಿ ಕಲ್ಲು ಕ್ವಾರಿ ಬರುತ್ತಿದೆ. ಗಣಿಯ ಆಳ 45 ಮೀಟರ್, ಅಂತರ್ಜಲ ಇರುವುದು 55 ಮೀಟರ್ ಕೆಳಗೆ, ಹಾಗಾಗಿ ತೊಂದರೆಯಿಲ್ಲ ಎನ್ನುತ್ತದೆ ಕ್ವಾರಿಯವರ ಪರಿಸರ ವರದಿ. ನಂಬಬಹುದಾ ಸಾರ್?

ಉತ್ತರ: ಆ 55 ಮೀಟರನ್ನು ಎಲ್ಲಿಂದ ಅಳೆದರು, ಯಾವ ತಿಂಗಳಲ್ಲಿ ಅಳೆದರು? ಮೊದಲು ಇಷ್ಟು ಕೇಳಿ.

ಗುಡ್ಡದ ಮೇಲಿನ ಗಣಿಯ ಆಳವನ್ನೂ ಕಣಿವೆಯ ಬಾವಿಯ ನೀರನ್ನೂ ಹೋಲಿಸಬೇಕಾದರೆ ಎರಡನ್ನೂ ಸಮುದ್ರಮಟ್ಟದಿಂದ ಎಣಿಸಬೇಕು. ಉದಾಹರಣೆಗೆ, ಗುಡ್ಡದ ಮೇಲ್ಭಾಗ 920 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಗಣಿಯ ತಳ 875. ವರದಿ ಹೇಳುವ ನೀರು 865. ಸರಿ, ತಳಕ್ಕಿಂತ ಕೆಳಗೇ ಇದೆ. ಆದರೆ ಇದು ಏಪ್ರಿಲ್ ಲೆಕ್ಕವಾದರೆ? ನಿಮ್ಮ ಬಾವಿಯ ಬಾಯಿ 882ರಲ್ಲಿದ್ದು, ಮಳೆಗಾಲ ಮುಗಿದಾಗ ನೀರು 4 ಮೀಟರ್ ಕೆಳಗೆ ನಿಂತಿದ್ದರೆ ಅದು 878. ಗಣಿಯ ತಳಕ್ಕಿಂತ 3 ಮೀಟರ್ ಮೇಲೆ! ಆಗ ನೀರು ಗಣಿ ಕಡೆಗೆ ಹರಿಯುವ ಸಾಧ್ಯತೆ ಇದ್ದೇ ಇದೆ. ಅವರು ಪಂಪ್ ಹಾಕಿ ಎತ್ತಿದಷ್ಟೂ ಜಾಸ್ತಿ. ಇಂಥ ವರದಿಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆ ಸಾಕು ಅನ್ನೋ ಪದ್ಧತಿ ಇದೆ. ನನ್ನ ಪ್ರಕಾರ ನಮ್ಮ ಕಡೆಗೆ ಅದು ಸಾಲದು.

ಇನ್ನು ಗಣಿಯ ಪರಿಣಾಮ ಎಷ್ಟು ದೂರ ಮುಟ್ಟುತ್ತದೆ ಅನ್ನೋ ಮಾತು. ನಮ್ಮದು ಗಟ್ಟಿ ಬಂಡೆಯ ನೆಲ. ನೀರು ಇರೋದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಒಂದೇ ಬಿರುಕಿನ ಮೇಲಿರುವ ಬಾವಿ ಒಂದು ಕಿಲೋಮೀಟರ್ ಆಚೆಗಿದ್ದರೂ ಬತ್ತಬಹುದು, ಪಕ್ಕದ ಬಾವಿಗೆ ಏನೂ ಆಗದಿರಬಹುದು. ನಕ್ಷೆಯ ಮೇಲೆ ಸುಮ್ನೆ ವೃತ್ತ ಎಳೆದು 'ಇದರಾಚೆ ಪರಿಣಾಮವಿಲ್ಲ' ಅಂದರೆ ಒಪ್ಪಬೇಡಿ. ಬಿರುಕುಗಳು ಯಾವ ದಿಕ್ಕಿಗಿವೆ ಎಂದು ಕೇಳಿ. ಪಂಪಿಂಗ್ ಪರೀಕ್ಷೆ, ಅಂದರೆ ಒಂದು ಬಾವಿಯಿಂದ ಬಿಡದೆ ನೀರೆತ್ತಿ ನೋಡುವ ಪರೀಕ್ಷೆ, ಅವರು ಮಾಡಿದ್ದಾರಾ, ಆ ಹೊತ್ತಿಗೆ ಸುತ್ತಲಿನ ಬಾವಿಗಳ ಮಟ್ಟ ನೋಡಿದ್ದಾರಾ ಅಂತಲೂ ಕೇಳಿ. ಬ್ಲಾಸ್ಟಿಂಗ್ ಭಯ ಎಲ್ಲರಿಗೂ ಇರುತ್ತದೆ, ಆದರೆ ನೀರಿನ ವಿಚಾರಕ್ಕೆ ಅದಕ್ಕಿಂತ ಗಣಿಯ ಆಳವೇ ಮುಖ್ಯ.

ನೀವೂ ಈಗಿನಿಂದಲೇ ಅಳೆಯಿರಿ. ಬೆಳಿಗ್ಗೆ ಮೋಟರ್ ಹಾಕುವ ಮುಂಚೆ, ತೂಕ ಕಟ್ಟಿದ ಟೇಪನ್ನು ಬಾವಿಗೆ ಇಳಿಸಿ, ತಿಂಗಳಿಗೊಮ್ಮೆ ತಾರೀಖಿನ ಸಮೇತ ಬರೆದಿಡಿ. ಬೋರ್‌ವೆಲ್ ಲೆಕ್ಕ ಬೇರೆ ಇರಲಿ, ಅದರ ನೀರು ಬರೋದು ಆಳದ ಬಿರುಕಿನಿಂದ. ಕ್ವಾರಿಗೆ ಅನುಮತಿ ಕೊಡುವ ಮುಂಚೆ ಊರವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆ ನಡೆದರೆ ಆ ಪಟ್ಟಿಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ.