ಡಾಕ್ಟರ್ ಉತ್ತರ: ತುರ್ತಿಗೆಂದು ಇರುವ ಮಾತ್ರೆಯನ್ನು ತಿಂಗಳು ತಿಂಗಳೂ ನುಂಗಬೇಡಿ

ಪ್ರಶ್ನೆ: ಮೇಡಂ, ನಾನು ಮಧುಗಿರಿ ತಾಲ್ಲೂಕಿನವಳು, ವಯಸ್ಸು 21. ತುಮಕೂರಿನ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಓದುತ್ತಿದ್ದೇನೆ. ಓದು ಮುಗಿದ ಮೇಲೆ ಮದುವೆಯಾಗಬೇಕೆಂದು ನಾನೂ ನನ್ನ ಸ್ನೇಹಿತನೂ ನಿರ್ಧರಿಸಿದ್ದೇವೆ. ಕಳೆದ ನಾಲ್ಕು ತಿಂಗಳಲ್ಲಿ ಐದು ಸಲ ಮೆಡಿಕಲ್ ಶಾಪಿನಿಂದ, ಸೇರಿದ 72 ಗಂಟೆಯೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ ತರಿಸಿಕೊಂಡಿದ್ದೇನೆ. ಸ್ಕಾಲರ್‌ಶಿಪ್ ಹಣದಲ್ಲಿ ಈ ಖರ್ಚು ತೂಗಿಸಲಾಗುತ್ತಿಲ್ಲ, ಮುಟ್ಟೂ ಏರುಪೇರಾಗಿದೆ. ಊರಿನ ಆಸ್ಪತ್ರೆಗೆ ಹೋದರೆ ಮನೆಗೆ ತಿಳಿಯುತ್ತದೆಂಬ ಭಯ. ಕಡಿಮೆ ಖರ್ಚಿನ ಬೇರೆ ದಾರಿಯಿದೆಯೇ? ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗುವುದೇ?
— ಹೆಸರು ಬೇಡ, ತುಮಕೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರ ಓದುವಾಗ ಅನಿಸಿತು. ಈವರೆಗೆ ನುಂಗಿದ ಮಾತ್ರೆಗಳಿಂದ ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಅವುಗಳಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು. ಅಂಡಾಶಯದಿಂದ ಅಂಡ ಹೊರಬೀಳುವುದನ್ನು ಮುಂದೂಡುವುದೇ ಅದರ ಕೆಲಸ, ಆದ್ದರಿಂದಲೇ ಪದೇ ಪದೇ ನುಂಗಿದಾಗ ಮುಟ್ಟಿನ ಲೆಕ್ಕ ತಪ್ಪುತ್ತದೆ. ಅಂಡ ಅದಾಗಲೇ ಹೊರಬಿದ್ದಿದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ನುಂಗುವುದು ತಡವಾದಷ್ಟೂ ಪರಿಣಾಮ ಕಡಿಮೆ. ಕಾಂಡೋಮ್ ಹರಿದಾಗ, ಅಥವಾ ಬಲವಂತ ನಡೆದಾಗ, ಅದು ಬೇಕೇ ಬೇಕು. ಉಳಿದಂತೆ ನೀವು ಮಾಡುತ್ತಿರುವುದು, ಹೆಚ್ಚು ದುಡ್ಡು ತೆತ್ತು ಕಡಿಮೆ ರಕ್ಷಣೆ ಪಡೆಯುವ ಕೆಲಸ.

ಮುಟ್ಟು ಏರುಪೇರಾಗಿರುವುದರಿಂದ ಮೊದಲು ಮೂತ್ರದ ಗರ್ಭಪರೀಕ್ಷೆ ಆಗಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ‘ನಿಶ್ಚಯ್’ ಎಂಬ ಕಿಟ್ ಉಚಿತವಾಗಿ ದೊರೆಯುತ್ತದೆ. ಗರ್ಭ ನಿಂತಿದೆ ಎಂದು ತಿಳಿದರೆ ಅಂಗಡಿಯ ಗರ್ಭಪಾತದ ಮಾತ್ರೆ ನುಂಗಿ ರಕ್ತಸ್ರಾವಕ್ಕೆ ಸಿಕ್ಕಿಕೊಳ್ಳದೆ ವೈದ್ಯರನ್ನು ಕಾಣಿ. ಗರ್ಭಪಾತದ ಕಾನೂನು ಅವಿವಾಹಿತರನ್ನು ಹೊರಗಿಡುವುದಿಲ್ಲ ಎಂಬುದು 2021ರ ತಿದ್ದುಪಡಿ ಮತ್ತು 2022ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ.

ಇನ್ನು ಖರ್ಚಿನ ಮಾತು. ನಿಮಗೆ ಬೇಕಾದ ಗರ್ಭನಿರೋಧಕಗಳನ್ನು ಸರ್ಕಾರ ಉಚಿತವಾಗಿಯೇ ಕೊಡುತ್ತದೆ. ಊರಿಗೆ ಹೋಗಬೇಕಾಗಿಲ್ಲ, ತುಮಕೂರಿನ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಾಗಲಿ, ಹಾಸ್ಟೆಲಿಗೆ ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲಾಗಲಿ ಕೇಳಬಹುದು. ಆಶಾ ಕಾರ್ಯಕರ್ತೆಯರು ಹಳ್ಳಿಯಲ್ಲಿ ಹಂಚುವುದು ಅರ್ಹ ದಂಪತಿಗಳ ಪಟ್ಟಿ ಹಿಡಿದು, ಹಾಗಾಗಿ ಅದು ಮದುವೆಯಾದವರಿಗೆ ಮಾತ್ರ ಎಂಬ ಭಾವನೆ ಬೆಳೆದಿದೆ. ಆದರೆ 18 ತುಂಬಿದ ಹೆಣ್ಣುಮಗಳು ಗರ್ಭನಿರೋಧಕ ಪಡೆಯಲು ತಂದೆತಾಯಿಯ ಅಥವಾ ಗಂಡನ ಸಹಿ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ನಿಮ್ಮ ವಯಸ್ಸಿಗೆ, ನಿಮ್ಮ ಸ್ಥಿತಿಗೆ, ನಾನು ಮೊದಲು ಸೂಚಿಸುವುದು ದಿನವೂ ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್. ಒಂದು ಹಾಳೆಯಲ್ಲಿ 28 ಮಾತ್ರೆಗಳಿರುತ್ತವೆ, 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಹೋದ ವರ್ಷ ವಿದ್ಯಾರ್ಥಿನಿಯೊಬ್ಬಳು ಪರ್ಸಿನಿಂದ ಇಂಥದೇ ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಬಿಳಿ ಮಾತ್ರೆಗಳೆಲ್ಲ ಖಾಲಿಯಾಗಿದ್ದವು, ಕಂದು ಮಾತ್ರೆ ಏಳೂ ಹಾಗೆಯೇ ಇದ್ದವು. ‘ಇವು ಬರೀ ಕಬ್ಬಿಣದ್ದಲ್ವಾ ಮೇಡಂ, ಬಿಟ್ಟೆ’ ಎಂದಳು. ಬಿಟ್ಟಿದ್ದರಿಂದ ಗರ್ಭ ನಿಲ್ಲುವುದಿಲ್ಲ, ನಿಜ. ಆದರೆ ಅವುಗಳನ್ನು ನುಂಗದ ಕಾರಣ ದಿನದ ಲೆಕ್ಕ ತಪ್ಪಿ, ಬಿಳಿ ಮಾತ್ರೆ ಮುಗಿದ ಎಂಟನೆಯ ದಿನ ತೆರೆಯಬೇಕಿದ್ದ ಹೊಸ ಹಾಳೆಯನ್ನು ಹನ್ನೊಂದನೆಯ ದಿನ ತೆರೆದಿದ್ದಳು. ಅಪಾಯವಿರುವುದು ಅಲ್ಲಿಯೇ. ಆ ಏಳು ಮಾತ್ರೆಗಳಿರುವುದು ಅಭ್ಯಾಸ ತಪ್ಪದಿರಲಿ ಎಂದು, ಜೊತೆಗೆ ಹಾಸ್ಟೆಲ್ ಊಟದಲ್ಲಿ ರಕ್ತಹೀನತೆಯಿಂದ ಬಳಲುವ ನಮ್ಮ ಹುಡುಗಿಯರಿಗೆ ಕಬ್ಬಿಣವೂ ಬೇಕು.

ಮುಟ್ಟಾದ ಐದು ದಿನಗಳೊಳಗೆ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಬೇರೆ ದಿನ ಶುರುಮಾಡಿದರೆ ಮೊದಲ ಏಳು ದಿನ ಕಾಂಡೋಮ್ ಕೂಡ ಇರಲಿ. ದಿನವೂ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ಎಂದಿಟ್ಟುಕೊಂಡರೆ ಮರೆಯುವುದು ಕಡಿಮೆ. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ. ಎರಡು ಅಥವಾ ಹೆಚ್ಚು ಮರೆತರೆ, ನುಂಗುವುದನ್ನು ಮುಂದುವರಿಸಿ ಏಳು ದಿನ ಕಾಂಡೋಮ್ ಬಳಸಿ.

ಆದರೆ ಗೆಳತಿಯ ಹಾಳೆಯನ್ನು ಹಂಚಿಕೊಂಡು ಶುರುಮಾಡಬೇಡಿ. ಬಿಪಿ ಹೆಚ್ಚಿರುವವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ಗಂಭೀರ ಕಾಯಿಲೆ ಇರುವವರಿಗೆ, ಕಣ್ಣ ಮುಂದೆ ಮಿಂಚಿನಂತೆ ಗೆರೆಗಳು ಕಾಣಿಸಿ ಅರೆತಲೆನೋವು ಬರುವವರಿಗೆ ಈ ಮಾತ್ರೆ ಸಲ್ಲದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಔಷಧಗಳು ಇದರ ಪರಿಣಾಮವನ್ನು ಕುಗ್ಗಿಸುತ್ತವೆ. ಅದಕ್ಕೇ ಬಿಪಿ ನೋಡಿಸಿಕೊಂಡು, ನುಂಗುತ್ತಿರುವ ಔಷಧಗಳನ್ನೆಲ್ಲ ಹೇಳಿ.

ದಿನವೂ ನುಂಗುವುದು ಹಾಸ್ಟೆಲಿನಲ್ಲಿ ಕಷ್ಟವೆನಿಸಿದರೆ ‘ಛಾಯಾ’ ಕೇಳಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಸ್ತ್ರೀ ಹಾರ್ಮೋನಿಲ್ಲದ ಮಾತ್ರೆ ಅದು; ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ತೊಂದರೆ, ಇರುವವರಿಗೆ ಇದು ಬೇಡ. ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು, ಹಾಗೂ ಗರ್ಭಕೋಶದೊಳಗೆ ಇಡುವ, ವಂಕಿ ಎಂದು ನಾವು ಕರೆಯುವ ಕಾಪರ್-ಟಿ ಕೂಡ ಉಚಿತವೇ. ಹೆರಿಗೆಯಾಗದವರಿಗೂ ವಂಕಿ ಹಾಕಬಹುದು.

ಏನನ್ನೇ ಆರಿಸಿಕೊಂಡರೂ ಕಾಂಡೋಮ್ ಜೊತೆಗಿರಲಿ, ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳನ್ನು ಮಾತ್ರೆ ತಡೆಯುವುದಿಲ್ಲ. ಆಸ್ಪತ್ರೆಯಲ್ಲಿ ನಿರೋಧ್ ಉಚಿತ. ಅದನ್ನು ತರುವ ಜವಾಬ್ದಾರಿ ನಿಮ್ಮ ಸ್ನೇಹಿತನದು. ತಿಂಗಳುಗಟ್ಟಲೆ ಪರ್ಸಿನಲ್ಲಿಟ್ಟಿದ್ದನ್ನು ಬಳಸಬಾರದು, ಕೊಬ್ಬರಿ ಎಣ್ಣೆ ತಾಕಿದರೆ ಅದರ ರಬ್ಬರು ಹಾಳಾಗುತ್ತದೆಂದು ಅವರಿಗೂ ಹೇಳಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ‘ಮದುವೆಯಾಗಿದೆಯಾ?’ ಎಂದು ಯಾರಾದರೂ ಎಲ್ಲರೆದುರು ಗದರಿ ಕೇಳಿದರೆ, ‘ಡಾಕ್ಟರ ಹತ್ತಿರವೇ ಮಾತಾಡುತ್ತೇನೆ’ ಎಂದಷ್ಟೇ ಹೇಳಿ ಮಹಿಳಾ ವೈದ್ಯರ ಕೊಠಡಿಯ ಮುಂದೆ ಕೂರಿ. ಕೊನೆಯ ಸಲ ಮುಟ್ಟಾದ ತಾರೀಕನ್ನೂ, ಆ ಐದು ಮಾತ್ರೆಗಳನ್ನು ನುಂಗಿದ ದಿನಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.