ಉತ್ತರ ಕೊರಿಯಾದೊಳಗೆ ಟಿವಿ ವರದಿಗಾರರು ಕ್ಯಾಮೆರಾ ಹಿಡಿದು ಹೋಗುವುದು ಹೇಗೆ?

ಸರ್ಕಾರವೇ ಕರೆಸಿದರೆ ನೇರವಾಗಿ ಹೋಗಬಹುದು. ಆದರೆ ಆಗ ಅವರು ತೋರಿಸಿದ್ದಷ್ಟೇ ಕಾಣುತ್ತದೆ. ಹಾಗಾಗಿ ಕೆಲವರು ಬೇರೆ ವೇಷದಲ್ಲಿ ಹೋಗಿದ್ದಾರೆ.

ನನಗೆ ಮರೆಯಲಾಗದ್ದು 2007ರಲ್ಲಿ ಬಂದ ನ್ಯಾಷನಲ್ ಜಿಯಾಗ್ರಫಿಕ್ ವರದಿ. ನೇಪಾಳದ ಕಣ್ಣಿನ ವೈದ್ಯ ಡಾ. ಸಂಡುಕ್ ರುಯಿಟ್ ಕಣ್ಣಿನ ಪೊರೆ ತೆಗೆಯಲು ಅಲ್ಲಿಗೆ ಹೊರಟಿದ್ದರು. ಅಮೆರಿಕದ ವರದಿಗಾರ್ತಿ ಲೀಸಾ ಲಿಂಗ್ ಆ ವೈದ್ಯರ ತಂಡದ ಜೊತೆ ಸೇರಿಕೊಂಡರು. ವೈದ್ಯರ ಕೆಲಸವನ್ನು ಚಿತ್ರೀಕರಿಸುತ್ತೇವೆ ಅನ್ನುವುದು ನೆಪ. ಸುಮಾರು ಹತ್ತು ದಿನಗಳಲ್ಲಿ 1000ಕ್ಕೂ ಜಾಸ್ತಿ ಶಸ್ತ್ರಚಿಕಿತ್ಸೆಗಳಾದವು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಡೆದದ್ದೇ ವರದಿಯ ಜೀವಾಳ. ದೃಷ್ಟಿ ಬಂದವರು ಎದ್ದು ನೇರ ಗೋಡೆಯತ್ತ ಹೋದರು. ಅಲ್ಲಿದ್ದ, ಆ ದೇಶವನ್ನಾಳಿದ ತಂದೆ-ಮಗ ಕಿಮ್ ಇಲ್ ಸುಂಗ್ ಮತ್ತು ಕಿಮ್ ಜಾಂಗ್ ಇಲ್ ಅವರ ಫೋಟೊಗಳಿಗೆ ಬಾಗಿ, ಅಳುತ್ತಾ ಕೃತಜ್ಞತೆ ಹೇಳಿದರು. ಆಪರೇಷನ್ ಮಾಡಿದ ಡಾಕ್ಟರ್ ಪಕ್ಕದಲ್ಲೇ ನಿಂತಿದ್ದರು! ಅದು ಭಕ್ತಿಯೋ, ಭಯವೋ? ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕದ್ದು ತೆಗೆದ ಯಾವ ದೃಶ್ಯಕ್ಕಿಂತಲೂ ಇದೇ ಜಾಸ್ತಿ ಹೇಳುತ್ತದೆ, ಅಲ್ವಾ?

2013ರಲ್ಲಿ ಬಿಬಿಸಿಯ ಜಾನ್ ಸ್ವೀನಿ ಲಂಡನ್ನಿನ ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಕಾಲೇಜಿನ ವಿದ್ಯಾರ್ಥಿಗಳ ಗುಂಪಿನ ಜೊತೆ ಹೋದರು. ಸಿಕ್ಕಿಬಿದ್ದಿದ್ದರೆ ಆ ಹುಡುಗರ ಗತಿ ಏನಾಗುತ್ತಿತ್ತು ಎಂದು ಕಾಲೇಜು ತಕರಾರು ಎತ್ತಿತು. ತಕರಾರು ಸರಿಯೇ. ಸ್ವಂತ ತಲೆ ಒಡ್ಡುವುದು ಬೇರೆ, ಪಕ್ಕದವರದ್ದನ್ನು ಒಡ್ಡುವುದು ಬೇರೆ.