ಎಕ್ಸ್‌ಕೆಸಿಡಿಯನ್ನು ಇಷ್ಟು ವರ್ಷ ಬಿಡದೆ ಓದುವುದೇಕೆ?

ನೀವು ಕೇಳಿರುವುದು ಇಷ್ಟು: ಗೆಳೆಯನ ಮಾತು ಕೇಳಿ ಒಂದೇ ಭಾನುವಾರ ಇಂಟರ್ನೆಟ್ಟಿನಲ್ಲಿ ಬರುವ ಎಕ್ಸ್‌ಕೆಸಿಡಿಯ ಮೊದಲ ಇನ್ನೂರು ಕಾಮಿಕ್ ಓದಿದೆ, ನಾಲ್ಕೈದಕ್ಕೆ ನಗು ಬಂತು, ಇದನ್ನೇ ವರ್ಷಗಟ್ಟಲೆ ಓದುವವರಿಗೆ ಅಂಥದ್ದೇನು ಸಿಗುತ್ತೆ?

ನನ್ನ ನಗುವಿನ ಲೆಕ್ಕ ನಿಮ್ಮದಕ್ಕಿಂತ ಸ್ವಲ್ಪ ಮೇಲಿರಬಹುದು, ತೀರಾ ಮೇಲೇನಿಲ್ಲ. ದೊಡ್ಡ ದೊಡ್ಡ ಚಾರ್ಟ್ ಬಂದ ದಿನ ನಾನೂ ಅರ್ಧಕ್ಕೇ ಬಿಡುತ್ತೇನೆ. ಆದರೆ ನೀವು ಶುರುಮಾಡಿದ ಜಾಗವೇ ಸರಿಯಿಲ್ಲ. ಇದನ್ನು ಬರೆಯುವ ರ‍್ಯಾಂಡಲ್ ಮನ್ರೋ ಭೌತಶಾಸ್ತ್ರ ಓದಿ ನಾಸಾದ ಕೆಲಸದಲ್ಲಿದ್ದ ಆಸಾಮಿ. 2005ರಲ್ಲಿ ತನ್ನ ಹಳೇ ನೋಟ್‌ಬುಕ್‌ಗಳಲ್ಲಿ ಗೀಚಿದ್ದನ್ನು ಸ್ಕ್ಯಾನ್ ಮಾಡಿ ಹಾಕುತ್ತಾ ಹೋದ. ನೀವು ಓದಿದ ಮೊದಮೊದಲಿನವು ಆ ಗೀಚುಗಳೇ.

ಇನ್ನೊಂದು, ಒಂದೇ ದಿನಕ್ಕೆ ಮುಗಿಸಿದ್ದು. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತಿಟ್ಟು, ಕಾದಂಬರಿ ಮುಗಿದ ಮೇಲೆ ದಬ್ಬಣದಲ್ಲಿ ಹೊಲಿಯುತ್ತಿದ್ದರು. ಹಾಗೆ ಹೊಲಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಿ “ಇಷ್ಟೇನಾ?” ಅಂದಿದ್ದೆ. “ನಿನಗೇನೋ ಗೊತ್ತು, ಆ ಹುಡುಗಿ ಬದುಕ್ತಾಳೋ ಇಲ್ವೋ ಅಂತ ಆರು ವಾರ ಒದ್ದಾಡಿದೀನಿ ನಾನು” ಅಂತ ಬೈಸಿಕೊಂಡೆ. ಎಕ್ಸ್‌ಕೆಸಿಡಿ ವಾರಕ್ಕೆ ಮೂರು ಸಲ, ಸೋಮವಾರ, ಬುಧವಾರ, ಶುಕ್ರವಾರ. ಈಗ ಮೂರು ಸಾವಿರ ದಾಟಿದೆ. ಅದರ ಜೊತೆಗೆ ನನ್ನ ಎರಡು ಕೆಲಸ, ಮೂರು ಬಾಡಿಗೆ ಮನೆ, ಒಂದು ಮದುವೆ ಆಗಿಹೋದವು.

2013ರ ಮಾರ್ಚ್ 25ರಂದು ಬಂದ 1190ನೇದನ್ನು ನೋಡಿ. ಹೆಸರು ‘ಟೈಮ್’. ಕಡಲ ದಂಡೆಯಲ್ಲಿ ಇಬ್ಬರು ಕಡ್ಡಿ ಮನುಷ್ಯರು ಕೂತಿದ್ದಾರೆ, ಮಾತಿಲ್ಲ ಕತೆಯಿಲ್ಲ. ಇವನ ಚಿತ್ರಗಳ ಮೇಲೆ ಮೌಸ್ ಇಟ್ಟರೆ ಒಂದು ಸಣ್ಣ ಡಬ್ಬಿಯಲ್ಲಿ ಇನ್ನೊಂದು ಜೋಕ್ ಕಾಣಿಸುತ್ತೆ, ಎಷ್ಟೋ ಸಲ ಚಿತ್ರಕ್ಕಿಂತ ಅದೇ ಚೆನ್ನಾಗಿರುತ್ತೆ. ಅವತ್ತು ಮೌಸ್ ಇಟ್ಟರೆ ‘ಕಾಯ್ತಾ ಇರಿ’ ಅನ್ನುವ ಅರ್ಥದ ಮಾತು ಮಾತ್ರ. ಅರ್ಧ ಗಂಟೆ ಬಿಟ್ಟು ನೋಡಿದರೆ ಚಿತ್ರ ಬದಲಾಗಿದೆ! ಇಬ್ಬರೂ ಮರಳಿನ ಕೋಟೆ ಕಟ್ಟತೊಡಗಿದರು. ಮೊದಲು ಅರ್ಧ ಗಂಟೆಗೊಂದು, ಆಮೇಲೆ ಗಂಟೆಗೊಂದರಂತೆ ನಾಲ್ಕು ತಿಂಗಳು, ಒಟ್ಟು 3,099 ಚಿತ್ರ. ಆಫೀಸಿನ ಕಂಪ್ಯೂಟರಿನಲ್ಲಿ ಆ ಟ್ಯಾಬ್ ಮುಚ್ಚಲೇ ಇಲ್ಲ ನಾನು. ಊಟಕ್ಕೆ ಹೋಗುವ ಮುಂಚೆ ಕೋಟೆಗೊಂದು ಗೋಪುರ ಏಳುತ್ತಿತ್ತು, ಬರುವಷ್ಟರಲ್ಲಿ ಇನ್ನೊಂದು. ನೀರು ಯಾಕೋ ಏರುತ್ತಿದೆ ಅಂತ ಅವರು ಎದ್ದು ಹೊರಟಾಗ ನನಗೂ ಕುತೂಹಲ ತಡೆಯಲಿಲ್ಲ. ರಾತ್ರಿಯ ದೃಶ್ಯ ಬಂದರೆ ಓದುಗರು ನಕ್ಷತ್ರಗಳ ಜಾಗ ಅಳೆದು, ಇದು ಸಾವಿರಾರು ವರ್ಷ ಮುಂದಿನ ಕಾಲ ಅಂತ ಕಂಡುಹಿಡಿದುಬಿಟ್ಟರು. ಮರುವರ್ಷ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಈಗ ಎಲ್ಲ ಚಿತ್ರಗಳನ್ನೂ ಸೇರಿಸಿ ಸರಸರ ಓಡಿಸಿ ನೋಡಬಹುದು. ನಾನೂ ನೋಡಿದೆ, ಸಪ್ಪೆ ಅನ್ನಿಸಿತು.

ನನ್ನನ್ನು ಪೂರ್ತಿ ಕಟ್ಟಿಹಾಕಿದ್ದು ಮಾತ್ರ ಇನ್ನೊಂದು. 2010ರಲ್ಲಿ ಮನ್ರೋ ಮದುವೆಯಾಗಬೇಕಿದ್ದ ಹುಡುಗಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. 2012ರಲ್ಲಿ ‘ಎರಡು ವರ್ಷ’ ಅನ್ನುವ ಅರ್ಥದ ಹೆಸರಿಟ್ಟು ಒಂದು ಕಾಮಿಕ್ ಹಾಕಿದ, ನಂಬರ್ 1141. ಇವನ ಮನುಷ್ಯರಿಗೆ ಕಣ್ಣು ಮೂಗು ಬಾಯಿ ಏನೂ ಇಲ್ಲ ಅನ್ನುವುದನ್ನು ನೀವೂ ಗಮನಿಸಿರುತ್ತೀರಿ. ಬೋಳು ದುಂಡು ತಲೆಯಾದರೆ ಅವನು, ಕೂದಲಿದ್ದರೆ ಅವಳು, ಗುರುತು ಅಷ್ಟೇ. ಕೀಮೋ ಶುರುವಾದ ಮೇಲೆ ಅವಳ ಕೂದಲೂ ಹೋಗಿ ಬರೀ ದುಂಡು ಉಳಿಯುತ್ತೆ. ಆಗ ಇಬ್ಬರಲ್ಲಿ ಯಾರು ಯಾರು ಅಂತ ಒಂದು ಗಳಿಗೆ ತಡವರಿಸಿದೆ. ಅಷ್ಟು ವರ್ಷ ಆ ಗೆರೆಗಳನ್ನು ನೋಡಿದವರಿಗೆ ಆ ತಡವರಿಕೆ ಎಲ್ಲಿ ತಾಕುತ್ತೆ ಅಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. 2017ರಲ್ಲಿ ‘ಏಳು ವರ್ಷ’ ಬಂತು, ನಂಬರ್ 1928, ಕೂದಲು ಮತ್ತೆ ಬೆಳೆದಿತ್ತು. 2020ರಲ್ಲಿ ‘ಹತ್ತು ವರ್ಷ’, 2386. ನಡುವಿನ ವರ್ಷಗಳಲ್ಲಿ ಆತ ವಿಷಯ ಎತ್ತದಿದ್ದಾಗಲೆಲ್ಲ, ಇವತ್ತೂ ಜೋಕೇ ಬಂದಿದೆ, ಹಾಗಾದರೆ ಮನೆಯಲ್ಲಿ ಸುಖವಾಗಿರಬೇಕು ಅಂದುಕೊಳ್ಳುತ್ತಿದ್ದೆ. ಮುಖ ನೋಡದವರ ಬಗ್ಗೆ ಇದೆಂಥ ಕಾಳಜಿಯೋ ಏನೋ!

ಇನ್ನು ನಂಬರಿನ ಹುಚ್ಚೂ ಒಂದಿದೆ. 927ನೇದರಲ್ಲಿ ಒಂದೇ ಕೆಲಸವನ್ನು ಹೀಗೇ ಮಾಡಬೇಕು ಅನ್ನುವ ಹದಿನಾಲ್ಕು ಸ್ಟ್ಯಾಂಡರ್ಡ್‌ಗಳು ಪೈಪೋಟಿಗೆ ಬಿದ್ದಿರುತ್ತವೆ. ಎಲ್ಲಕ್ಕೂ ಸೇರಿ ಒಂದೇ ಮಾಡೋಣ ಅಂತ ಹೊರಡುತ್ತಾರೆ, ಕೊನೆಗೆ ಹದಿನೈದಾಗುತ್ತೆ. ನಮ್ಮಲ್ಲಿ ರಜೆ ಅರ್ಜಿಗೆ ಎರಡು ಫಾರ್ಮ್ ಇದ್ದವು. ಗೊಂದಲ ತಪ್ಪಲಿ ಅಂತ ಮೂರನೆಯದು ತಂದ ದಿನ ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ “ನೈನ್ ಟೂ ಸೆವೆನ್” ಅಂದರು. ಮೂರೇ ಜನ ನಕ್ಕೆವು, ಆಮೇಲೆ ಮೂವರೂ ಒಟ್ಟಿಗೆ ಟೀಗೆ ಹೋಗಲು ಶುರುಮಾಡಿದೆವು.

ಹಾಗಾಗಿ 201ಕ್ಕೆ ಹೋಗಬೇಡಿ. ಮೊದಲು 1141, 1928, 2386 ಇದೇ ಕ್ರಮದಲ್ಲಿ ಓದಿ. ಆಮೇಲೆ ಬರುವ ಸೋಮವಾರದಿಂದ ಹೊಸದನ್ನು ಬಂದ ಹಾಗೆ ನೋಡುತ್ತಾ ಹೋಗಿ, ಹಳೆಯದು ಎಲ್ಲೂ ಓಡಿಹೋಗುವುದಿಲ್ಲ. 404ನೇದೊಂದನ್ನು ಬಿಟ್ಟು. ‘ಪುಟ ಸಿಗಲಿಲ್ಲ’ ಅಂತ ಬಂದರೆ ನೆಟ್‌ವರ್ಕಿಗೆ ಬೈಯಬೇಡಿ, ಇಲ್ಲದ ಪುಟ ಕೇಳಿದರೆ ಇಂಟರ್ನೆಟ್ಟಿನಲ್ಲಿ ಬರುವ ನಂಬರೇ 404, ಅದಕ್ಕೇ ಆ ನಂಬರಿನ ಕಾಮಿಕ್ ಆತ ಬರೆದೇ ಇಲ್ಲ.